ಹಳೇ ಬಾಗಿಲು, ಹೊಸ ದಾರಂದ

"ಅಮೆರಿಕದಲ್ಲಿ ಕೋವಿಯ ನಳಿಗೆ ಪಾರ್ಸೆಲಿನಲ್ಲಿ ಮನೆಗೇ ಬರ್ತದಂತೆ ಮಾರಾಯ್ರೆ!" ಎನ್ನುತ್ತಾ ವಾಸಣ್ಣ ಗೋಳಿಬಜೆ ಪ್ಲೇಟನ್ನು ಪಕ್ಕಕ್ಕೆ ಸರಿಸಿ ಮೊಬೈಲನ್ನು ಮೇಜಿನ ಮಧ್ಯಕ್ಕೆ ಇಟ್ಟರು. ಸ್ಕ್ರೀನಿನಲ್ಲಿ ಟೆಕ್ಸಾಸಿನ ಅಳಿಯ ಕಳಿಸಿದ ಫೋಟೋ. ಅಳಿಯ ಅಂದರೆ ಅಕ್ಕನ ಮಗ. ಅಳಿಯಕಟ್ಟು ಈಗಲೂ ಇದ್ದಿದ್ದರೆ ವಾಸಣ್ಣನ ಕಡಿಯಾಳಿ ಮನೆಗೆ ಅವನೇ ಯಜಮಾನ. ಹಾಗಾಗಿ ಅವನ ಮಂಡೆಬಿಸಿ ಎಲ್ಲ ಇವರದ್ದೂ ಹೌದು.

ಡಾಲ್ಫಿಗೆ ಹೊಟ್ಟೆ ಉರಿಯಿತು. ಶಿರ್ವದ ಕಡೆ ಅವನಿಗೆ ತೋಟ ಉಂಟು, ಬೆಳೆ ರಕ್ಷಣೆಗೆ ಲೈಸೆನ್ಸಿನ ಕೋವಿಯೂ ಉಂಟು.

"ಅವರಿಗೆ ಪಾರ್ಸೆಲಿನಲ್ಲಿ ಬರ್ತದೆ. ನನ್ನ ಕೋವಿ ಇಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಹೋಗಿ ಮಲಗ್ತದೆ. ಕಾಡುಹಂದಿಗೂ ಗೊತ್ತುಂಟು ಮಾರಾಯ, ನೀತಿಸಂಹಿತೆ ಬಂತು ಅಂತಾದ್ರೆ ರಾತ್ರಿಯೇ ತೋಟಕ್ಕೆ ಹಾಜರ್. ಪಂಚಾಯತಿಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ, ಲೋಕಸಭೆಗೆ ಇನ್ನೊಮ್ಮೆ. ಪ್ರಜಾಪ್ರಭುತ್ವದ ಪೂರ್ತಿ ಲಾಭ ಆದದ್ದು ಆ ಹಂದಿಗಳಿಗೆ."

"ಅಲ್ಲಿಯ ಕಾನೂನೇ ಬೇರೆ," ಎಂದರು ಶೀನಣ್ಣ. ಸೈನ್ಯದ ಇಎಂಇ ಅಂದರೆ ಯಂತ್ರ-ಆಯುಧ ರಿಪೇರಿಯ ದಳದಲ್ಲಿ ಆರ್ಮರರ್ ಆಗಿದ್ದು, ಕೋವಿಗಳನ್ನು ರಿಪೇರಿ ಮಾಡಿ ಬಂದವರು, ಈಗ ಮಣಿಪಾಲದಲ್ಲಿ ಲೇತ್ ಇಟ್ಟುಕೊಂಡಿದ್ದಾರೆ. "ಅಲ್ಲಿ ನಂಬರ್ ಕೆತ್ತಿದ ರಿಸೀವರ್, ಅಂದ್ರೆ ಕೋವಿಯ ನಡುವಿನ ಒಡಲು, ಅದೊಂದನ್ನೇ ಕೋವಿ ಅಂತ ಲೆಕ್ಕ ಹಿಡಿಯೂದು. ನಳಿಗೆ, ಗುರಿ ಹಿಡಿಯುವ ಸೈಟು ಎಲ್ಲ ಸ್ಪೇರ್ ಪಾರ್ಟ್. ನಮ್ಮ 1959ರ ಆರ್ಮ್ಸ್ ಆಕ್ಟಿನಲ್ಲಿ ಬಿಡಿಭಾಗವೂ ಆಯುಧವೇ."

"ಹಾಗಾದ್ರೆ ನನ್ನ ಕೋವಿಯ ತುದಿಯ ಗುರಿ ಹಿಡಿಯುವ ಮಣಿ ಅಲ್ಲಾಡ್ತದೆ, ನಿಮ್ಮ ಲೇತಿನಲ್ಲಿ ಒಂದು…"

"ಮುಟ್ಟೂದಿಲ್ಲ! ರಿಪೇರಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದ ಕೋವಿ ಅಂಗಡಿಗೆ ಕೊಂಡುಹೋಗು. ನನ್ನ ಲೇತಿಗೆ ಬೋಟಿನ ಶಾಫ್ಟು, ತೆಂಗಿನೆಣ್ಣೆ ಗಾಣದ ಬುಷ್ ಸಾಕು."

ಅಳಿಯನ ಕಥೆ ಇಷ್ಟು. ಅವನ ಎಆರ್-15 ರೈಫಲಿನ ನಳಿಗೆ ಸವೆದಿತ್ತು. ಹೊಸದು ತರಿಸಿದ, ಆದರೆ ಹಳೇ ನಳಿಗೆಯ ಮೇಲಿದ್ದ ಫ್ರಂಟ್ ಸೈಟ್ ಬೇಸನ್ನು, ಅಂದರೆ ಮುಂದಿನ ಗುರಿಕಡ್ಡಿ ನಿಲ್ಲುವ ಸ್ಟ್ಯಾಂಡನ್ನು, ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ. (ಟೆಕ್ಸಾಸಿಗೆ ಹೋದರೇನು, ಮೊಸರಿನ ಡಬ್ಬ ತೊಳೆದಿಡುವ ವಂಶವಲ್ಲವೇ.) ಹೊಸ ನಳಿಗೆಯ ಅಡಿಯಲ್ಲಿ ಪಿನ್ನಿಗೆ ಕಚ್ಚು ಹಾಕಿಯೇ ಕೊಟ್ಟಿದ್ದರು. ಬೇಸ್ ಸಲೀಸಾಗಿ ಕೂತಿತು. ಪಿನ್ನು ಮಾತ್ರ ಹೋಗುವುದಿಲ್ಲ.

"ಹೇಗೆ ಹೋಗ್ತದೆ? ಹಳೇ ಬಾಗಿಲನ್ನು ಹೊಸ ದಾರಂದಕ್ಕೆ ಕೂರಿಸ್ಲಿಕ್ಕೆ ಹೊರಟ ಹಾಗಾಯ್ತು ಇದು. ಬಾಗಿಲೂ ಸರಿ, ದಾರಂದವೂ ಸರಿ, ಆದರೆ ಬಿಜಾಗ್ರಿಯ ತೂತು ಮಾತ್ರ ಒಂದು ನೂಲು ಆಚೆ."

ಶೀನಣ್ಣ ಬೆರಳನ್ನು ಚಹಾಕ್ಕೆ ಅದ್ದಿ ಮೇಜಿನ ಮೇಲೆ ಒಂದು ಉರುಟು ಬರೆದರು. ಅದರ ಅಡಿಭಾಗಕ್ಕೆ ತಾಗಿಸಿ ಅಡ್ಡಕ್ಕೆ ಒಂದು ಗೀಟು ಎಳೆದರು.

"ಇದು ನಳಿಗೆ. ಗೀಟು ಪಿನ್ನು. ಪಿನ್ನು ನಳಿಗೆಯನ್ನು ತೂರಿ ಹೋಗೂದಿಲ್ಲ, ಹೊಟ್ಟೆಯನ್ನು ಚೂರು ಕೆತ್ತಿಕೊಂಡು ಹೋಗ್ತದೆ. ಒಂದು ಮೈ ನಳಿಗೆಯ ಕಚ್ಚಿನಲ್ಲಿ, ಇನ್ನೊಂದು ಮೈ ಬೇಸಿನಲ್ಲಿ. ಇಂಥದ್ದು ಎರಡು. ಕಾರ್ಖಾನೆಯಲ್ಲಿ ಬೇಸನ್ನು ನಳಿಗೆಗೆ ಹಾಕಿ, ಎರಡನ್ನೂ ಒಟ್ಟಿಗೇ ಕೊರೆಯೂದು. ಆ ಜೋಡಿಯ ತೂತು ಆ ಜೋಡಿಗೇ. ಬೇರೆ ಕಡೆ ಕೊರೆದದ್ದು ಸರಿಯಾಗಿ ಬಂದ್ರೆ ಅದು ದೈವದ ಕಾರಣಿಕ."

"ಎಂ-ಸೀಲ್ ಹಚ್ಚಿದ್ರೆ ಆಗೂದಿಲ್ವಾ?" ಡಾಲ್ಫಿಯ ಮನೆಯಲ್ಲಿ ಟ್ಯಾಂಕಿ, ಪೈಪು, ಸ್ಕೂಟರಿನ ಮಡ್‌ಗಾರ್ಡ್ ಎಲ್ಲ ನಿಂತಿರುವುದು ಎಂ-ಸೀಲಿನ ಮೇಲೆ.

"ಅದು ಬರೀ ಗುರಿ ಹಿಡಿಯುವ ಕಡ್ಡಿಯ ಸ್ಟ್ಯಾಂಡ್ ಅಲ್ಲನಾ. ಗುಂಡು ಹಾರುವಾಗ ಬರುವ ಗ್ಯಾಸಿನಲ್ಲಿ ಚೂರು ನಳಿಗೆಯ ಮೇಲಿನ ಸಣ್ಣ ತೂತಿನಿಂದ ಈ ಬೇಸಿಗೇ ಬರೂದು. ಇಲ್ಲಿಂದ ಟ್ಯೂಬಿನಲ್ಲಿ ಹಿಂದೆ ಹೋಗಿ ಮುಂದಿನ ತೋಟೆ ಏರಿಸ್ತದೆ. ಬೇಸ್ ಸರಿದ್ರೆ ತೂತು ಮುಚ್ತದೆ, ಕೋವಿ ಒಂದೊಂದೇ ಗುಂಡಿಗೆ ಕೆಮ್ಮಿ ನಿಲ್ತದೆ. ವಾಲಿ ಕೂತ್ರೆ ಗುರಿಯೂ ವಾಲ್ತದೆ, ಆಮೇಲೆ ಹಿಂದಿನ ಸೈಟನ್ನು ಒಂದೇ ಮಗ್ಗುಲಿಗೆ ತಿರುಗಿಸಿ ತಿರುಗಿಸಿ ಕೈ ಸೋಲ್ತದೆ."

ಪಿನ್ನಿನ ವಿಷಯಕ್ಕೆ ಬಂದಾಗ ಶೀನಣ್ಣನ ದನಿಯೇ ಬದಲಾಯಿತು. ಲೇತಿನವರಿಗೆ ಟೇಪರ್, ಅಂದರೆ ತುದಿಗೆ ಹೋದ ಹಾಗೆ ಸಪೂರ ಆಗುವ ಆಕಾರ, ಅಂದರೆ ಒಂದು ಭಕ್ತಿ.

"ಅಲ್ಲಿಯ ಪಿನ್ನು ಒಂದು ಅಡಿ ಉದ್ದಕ್ಕೆ ಕಾಲು ಇಂಚು ಸಪೂರ ಆಗ್ತಾ ಹೋಗ್ತದೆ. 48ಕ್ಕೆ 1. ನಮ್ಮಲ್ಲಿ ಸಿಗುವ ಮೆಟ್ರಿಕ್ ಪಿನ್ನು 50ಕ್ಕೆ 1. ಅಂಗೈಯಲ್ಲಿ ಇಟ್ರೆ ಅಣ್ಣತಮ್ಮ, ತೂತಿಗೆ ಹಾಕಿದ್ರೆ ದಾಯಾದಿ. ಇಷ್ಟು ಗಿಡ್ಡ ಪಿನ್ನಿನಲ್ಲಿ ದಪ್ಪ ತುದಿ ಯಾವುದು ಅಂತ ಕಣ್ಣಿಗೆ ಕಾಣೂದಿಲ್ಲ, ವರ್ನಿಯರ್ ಹಿಡೀಬೇಕು. ಹೆಚ್ಚಾಗಿ ದಪ್ಪ ತುದಿ ಬಲಗಡೆ ಇರ್ತದೆ. ಎಡದಿಂದ ಹೊಡೆದು ಬಲಕ್ಕೆ ತೆಗೀಬೇಕು."

"ನನ್ನ ಅಳಿಯ ಬಲದಿಂದ ಹೊಡೆದನಂತೆ. ಸುಮಾರು ಹೊತ್ತು," ಎಂದರು ವಾಸಣ್ಣ ಸಣ್ಣ ದನಿಯಲ್ಲಿ.

"ಹಾಗಾದ್ರೆ ಪಿನ್ನಿನ ತಲೆ ಅಣಬೆ ಆಗಿರ್ತದೆ. ಹೊಸ ಪಿನ್ನು ತರಿಸ್ಲಿಕ್ಕೆ ಹೇಳಿ."

ಅಲ್ಲಿಂದ ಪರಿಹಾರದ ಚರ್ಚೆ. ಕಚ್ಚಿಲ್ಲದ ನಳಿಗೆ ತಗೊಂಡಿದ್ದರೆ ಒಳ್ಳೆಯದಿತ್ತು, ಬೇಸಿನ ಹಳೇ ತೂತನ್ನೇ ದಾರಿ ಮಾಡಿ ಹೊಸದಾಗಿ ಕೊರೆಯಬಹುದಿತ್ತು ಎಂದರು ಶೀನಣ್ಣ. ಅದೂ ಸುಲಭವಲ್ಲ. ಕೊರೆಯುವ ಡ್ರಿಲ್ ಬಿಟ್ಟಿನ ಒಂದು ಮಗ್ಗುಲಿಗೆ ಮಾತ್ರ ಉಕ್ಕು ಸಿಗುವುದರಿಂದ ಅದು ಇನ್ನೊಂದು ಮಗ್ಗುಲಿಗೆ ಜಾರುತ್ತದೆ, ಬಿಗಿಯಾಗಿ ಹಿಡಿಯದಿದ್ದರೆ ತುಂಡಾಗುತ್ತದೆ. ಈಗಿನದ್ದಕ್ಕೆ, ತಪ್ಪು ಕೂದಲೆಳೆಯಷ್ಟಿದ್ದರೆ, ಬೇಸನ್ನು ನೆಟ್ಟಗೆ ನಿಲ್ಲಿಸಿ, ತೂತನ್ನು ಹೆರೆದು ಹಿಗ್ಗಿಸುವ ಟೇಪರ್ ರೀಮರ್ ಕೈಯಲ್ಲೇ ತಿರುಗಿಸಿ, ಒಂದು ಸೈಜ್ ದೊಡ್ಡ ಪಿನ್ನು ಹಾಕಬಹುದು. ಜಾಸ್ತಿ ಇದ್ದರೆ ಅಲ್ಲಿಯ ಗನ್‌ಸ್ಮಿತ್ ಹತ್ತಿರ ಹೋಗುವುದೇ ಕ್ಷೇಮ.

"ಗನ್‌ಸ್ಮಿತ್ ಚಾರ್ಜ್ ಕೇಳಿ ಬಂದಿದ್ದಾನೆ. ಬಂದ ಮೇಲೇ ನನಗೆ ಫೋನ್ ಮಾಡಿದ್ದು," ಎಂದರು ವಾಸಣ್ಣ.

ಡಾಲ್ಫಿ ಫೋಟೋವನ್ನು ಎರಡು ಬೆರಳಲ್ಲಿ ಅಗಲ ಮಾಡಿದ. "ಇಲ್ಲಿ ಎಫ್ ಅಂತ ಉಂಟಲ್ಲ, ಫಾರಿನ್ ಅಂತವಾ?"

"ಮೇಲೆ ಹಿಡಿಕೆ ಇಲ್ಲದ, ಚಪ್ಪಟೆ ರಿಸೀವರಿನ ಕೋವಿಗೆ ಹಾಕುವ ಬೇಸು ಅದು. ಬೇರೆಯದ್ದಕ್ಕಿಂತ 0.04 ಇಂಚು ಎತ್ತರ, ಹೆಚ್ಚುಕಡಿಮೆ ಒಂದು ಮಿಲಿಮೀಟರ್."

"ಒಂದು ಮಿಲಿಮೀಟರಿಗೆ ಎಂತ ಆಗ್ತದೆ?"

"ಗುಂಡು ಎಷ್ಟೋ ಕೆಳಗೆ ಬೀಳ್ತದೆ. ಮುಂದಿನ ಕಡ್ಡಿ ಮೇಲೆ ಹೋದಷ್ಟು ಗುಂಡು ಕೆಳಗೆ. ಹಿಂದಿನದ್ದು ಮೇಲೆ ಹೋದ್ರೆ ಗುಂಡೂ ಮೇಲೆ."

ಡಾಲ್ಫಿ ಬಾಯಿಯ ಗೋಳಿಬಜೆ ನಿಲ್ಲಿಸಿದ. "ಅಂದ್ರೆ… ನಾನು ಇಷ್ಟು ವರ್ಷ ಹಂದಿಯ ಕಾಲಡಿಗೆ ಹೊಡೀತಾ ಇದ್ದದ್ದು ಕೋವಿಯ ತಪ್ಪಾ?"

"ನಿನ್ನ ಕೋವಿಯಲ್ಲಿ ಬರೀ ಮಣಿ ಮಾರಾಯ. ತಪ್ಪು ನಿನ್ನದೇ."

ಏಳುವಾಗ ಶೀನಣ್ಣ ಮತ್ತೊಂದು ಹೇಳಿದರು: "ಬೇಸ್ ಹಾಕುವ ಮೊದಲು ಹ್ಯಾಂಡ್‌ಗಾರ್ಡಿನ, ಅಂದ್ರೆ ನಳಿಗೆ ಮೇಲಿನ ಕೈಹಿಡಿಯ, ರಿಂಗ್ ಹಾಕ್ಲಿಕ್ಕೆ ಹೇಳಿ. ಬೇಸಿನ ಹಿಂದೆ ಕೂರುವ ತಗಡಿನ ರಿಂಗು. ಬೇಸ್ ಕೂತ ಮೇಲೆ ಅದಕ್ಕೆ ಒಳಗೆ ಹೋಗ್ಲಿಕ್ಕೆ ದಾರಿ ಇಲ್ಲ." ವಾಸಣ್ಣ ವಾಯ್ಸ್ ಮೆಸೇಜ್ ಒತ್ತಿದರು, ಸರಿಯಾಗಿ ಅದೇ ಹೊತ್ತಿಗೆ ಕುಂದಾಪುರದ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹಾಕಿಕೊಂಡೇ ಹೋಯಿತು.

ಮಾರನೇ ಆದಿತ್ಯವಾರ ಫೋಟೋ ಬಂತು. ಸ್ನೇಹಿತನ ವರ್ಕ್‌ಶಾಪಿನಲ್ಲಿ ರೀಮರ್ ಹಿಡಿದು ಇಡೀ ಮಧ್ಯಾಹ್ನ ಕೂತಿದ್ದನಂತೆ. ಬೇಸ್ ಲಂಬವಾಗಿ ನಿಂತಿತ್ತು, ಎರಡು ಪಿನ್ನೂ ಬಿಗಿಯಾಗಿ ಕೂತಿದ್ದವು. ವಾಸಣ್ಣ ಖುಷಿಯಲ್ಲಿ ಎಲ್ಲರಿಗೂ ಬನ್ಸ್ ಹೇಳಿದರು. ಶೀನಣ್ಣ ಕನ್ನಡಕ ಏರಿಸಿ ಫೋಟೋವಿನ ಮೂಲೆಯನ್ನು ದೊಡ್ಡದು ಮಾಡಿ ನೋಡಿದರು. ಮೇಜಿನ ಮೇಲೆ, ಕಾಫಿ ಕಪ್ಪಿನ ಪಕ್ಕ, ತಗಡಿನ ಒಂದು ರಿಂಗು ಬಿದ್ದುಕೊಂಡಿತ್ತು.

"ರಿಂಗ್ ಹಾಕಿದ್ದಾನಾ ಕೇಳಿ," ಎಂದರು.

ವಾಸಣ್ಣ ಟೈಪ್ ಮಾಡಿದರು. ಉತ್ತರ ಕೂಡಲೇ ಬಂತು: "ಯಾವ ರಿಂಗ್ ಮಾಮ?"