ತಾಲ್ಮುಡ್ ಪೂರ್ತಿ ಸೆಟ್ ತರಿಸಿದೀನಿ, ಗ್ರೂಪಿನವ್ರು ಹೇಳೋ ಪುಟ ಒಂದೂ ಸಿಗ್ತಿಲ್ಲ. ಯಾವ ಎಡಿಷನ್ ತಗೋಬೇಕಿತ್ತು?

ಅರ್ಜಿದಾರ:
ತಲೆ ಕೆಟ್ಟು ಗೊಬ್ಬರ ಆಗಿದೆ, ಗೊತ್ತಿರೋರು ಹೇಳಿ. ಮನೇಲೇ ಕೂತು ತಾಲ್ಮುಡ್, ಅಂದ್ರೆ ಯಹೂದಿಗಳ ಧರ್ಮಶಾಸ್ತ್ರ ಚರ್ಚೆಯ ಗ್ರಂಥ, ಓದೋಣ ಅಂತ ಪೂರ್ತಿ ಸೆಟ್ ತರಿಸಿದೀನಿ. ವಾರಕ್ಕೊಂದ್ಸಲ ಒಂದು ಓದೋ ಗುಂಪು ಆನ್‌ಲೈನ್‌ನಲ್ಲಿ ಸೇರತ್ತೆ, ಅಲ್ಲಿ ತಾಲ್ಮುಡ್‌ನ ಬಾವಾ ಮೆಟ್ಸಿಯಾ ಅನ್ನೋ ಭಾಗದ ಎರಡನೇ ಅಧ್ಯಾಯ ನಡೀತಿದೆ, ದಾರೀಲಿ ಬಿದ್ದಿದ್ದ ವಸ್ತು ಸಿಕ್ಕಿದ್ರೆ ಯಾರಿಗೆ ಸೇರ್ಬೇಕು ಅನ್ನೋ ವಿಷಯ. ನಾನು ಸಿವಿಲ್ ಕೇಸ್ ನಡೆಸೋನು, ಅದಕ್ಕೇ ಆಸೆಪಟ್ಟು ಸೇರ್ಕೊಂಡೆ. ಅವ್ರು "21ಎ ತೆಗೀರಿ" ಅಂತಾರೆ, ಎಲ್ರೂ ಟಕ್ ಅಂತ ತೆಗೀತಾರೆ, ನನ್ನ ಪುಸ್ತಕದ 21ನೇ ಪುಟದಲ್ಲಿ ಬೇರೇನೋ ಇದೆ. ಎ ಇಲ್ಲ, ಬಿ ಇಲ್ಲ. ನಾನು ಹುಡುಕ್ತಾ ಇರೋವಾಗ್ಲೇ ಅವ್ರು 21ಬಿಗೆ ಹೋಗಿರ್ತಾರೆ. ಈ ಕಾಟ ಇಲ್ದೇ ಇರೋ ಎಡಿಷನ್ ಯಾವ್ದು? ಮೊಬೈಲ್‌ನಲ್ಲಿ ಓದು ಅಂತ ಮಾತ್ರ ಹೇಳ್ಬೇಡಿ, ನಂಗೆ ಕಾಗದವೇ ಬೇಕು.

ಇಂಕ್_ರಾಜ:
ಬ್ರೋ ಇದು ಹೊಸಬ್ರಿಗೆಲ್ಲ ಆಗೋದೇ. ಅವ್ರು ಹೇಳ್ತಿರೋದು ಪುಟ ಅಲ್ಲ, ದಾಫ್, ಅಂದ್ರೆ ಹಾಳೆ. ಹಾಳೆ ಮುಂದ್ಗಡೆ ಎ, ಹಿಂದ್ಗಡೆ ಬಿ. ಒಂದು ಅನ್ನೋ ದಾಫೇ ಇರಲ್ಲ, 2ಎ ಇಂದ ಶುರು. ಲೆಕ್ಕ ಹಾಕಿದ್ರೆ 21ಎ ಅಂದ್ರೆ 39ನೇ ಪುಟ ಆಗತ್ತೆ. ತೆಗ್ದು ನೋಡು, ಅಷ್ಟೇ ಪ್ರಾಬ್ಲಂ.

ಅರ್ಜಿದಾರ:
39ರಲ್ಲೂ ಬೇರೇನೋ ಇದೆ.

ಇಂಕ್_ರಾಜ:
ಹಂಗಾದ್ರೆ ನಿಂದು ಆರ್ಟ್‌ಸ್ಕ್ರೋಲ್ ಪ್ರಕಾಶನದ ಅನುವಾದ ಇರ್ಬೇಕು. ಅದ್ರಲ್ಲಿ ಒಂದು ಕಡೆ ವಿಲ್ನಾ ಪುಟ, ಅಂದ್ರೆ ಎಲ್ರೂ ಬಳಸೋ ಹಳೇ ಅಚ್ಚಿನ ಮೂಲ ಪುಟ, ಎದುರುಗಡೆ ಇಂಗ್ಲಿಷ್. ವಿವರಣೆ ಉದ್ದ ಇರೋದ್ರಿಂದ ಅದೇ ವಿಲ್ನಾ ಪುಟ ಐದಾರು ಸಲ ರಿಪೀಟ್ ಆಗತ್ತೆ, ಎಲ್ಲಿಂದ ಎಲ್ಲೀವರೆಗೆ ಅಂತ ಪಕ್ಕದಲ್ಲಿ ಬೂದು ಪಟ್ಟಿ ಇರತ್ತೆ. ಮೇಲಿರೋ ಹೀಬ್ರೂ ನಂಬರ್ ನೋಡು ಗುರು, ಕಾಫ್ ಆಲೆಫ್ ಅಂದ್ರೆ 21.

ಮಾಳಮಡ್ಡಿ:
ಅಲ್ರೀ, ಇಷ್ಟ್ಯಾಕ ಲೆಕ್ಕ ಗಿಕ್ಕ ಹಾಕ್ತೀರಿ. ಇವ್ರಿಗೆ ಬಂದದ್ದು ಯೆರುಶಲ್ಮಿ ಅದ, ಬಾವ್ಲಿ ಅಲ್ಲ. ತಾಲ್ಮುಡ್ ಎರಡವ, ಒಂದು ಬ್ಯಾಬಿಲೋನಿನದು, ಅದೇ ಬಾವ್ಲಿ, ಇನ್ನೊಂದು ಇಸ್ರೇಲ್ ನೆಲದ್ದು, ಅದೇ ಯೆರುಶಲ್ಮಿ, ಇದಕ್ಕ ಜೆರುಸಲೇಮ್ ತಾಲ್ಮುಡ್ ಅಂತಾರ. ಬಾವಾ ಮೆಟ್ಸಿಯಾ ಎರಡರಾಗೂ ಅದ, ಆದ್ರ ಯೆರುಶಲ್ಮಿಯೊಳಗ ಭಾಳ ಸಣ್ಣದು, ಅದನ್ನ ಅಧ್ಯಾಯ ಮತ್ತ ಅದರೊಳಗಿನ ಹಲಾಖಾ (ಕಂಡಿಕೆ) ನಂಬರ್ ಹಿಡಿದು ಹುಡುಕಬೇಕಾಗ್ತದ. ಗುಂಪಿನವರು ಬಾವ್ಲಿ ಓದ್ಲಿಕ್ಹತ್ಯಾರ, ನೀವು ಯೆರುಶಲ್ಮಿ ಹಿಡ್ಕೊಂಡು ಕೂತೀರಿ. ಹೆಂಗ ತಾಳೆ ಆಗ್ಬೇಕು?

ಬಂಟ್ವಾಳದಕ್ಕ:
ನಮಸ್ತೆ. ನಾನು ಇಲ್ಲಿ ಇಸ್ರೇಲಿನಲ್ಲಿ ಕೇರ್‌ಗಿವರ್ ಕೆಲಸದಲ್ಲಿ ಇರುವುದು. ನಾನು ನೋಡಿಕೊಳ್ಳುವ ಅಜ್ಜ ದಿನಾ ಬೆಳಿಗ್ಗೆ ಒಂದು ದಾಫ್ ಓದುವುದುಂಟು. ದಾಫ್ ಯೋಮಿ ಅಂತ, 1923ರಲ್ಲಿ ಶುರುವಾದ್ದಂತೆ, ದಿನಕ್ಕೊಂದು ಹಾಳೆಯ ಹಾಗೆ 2,711 ದಿನ, ಏಳೂವರೆ ವರ್ಷ ಹತ್ರ. ಈಗಿನ ಸುತ್ತು 2020 ಜನವರಿಯಲ್ಲಿ ಶುರುವಾಗಿ 2027 ಜೂನ್‌ಗೆ ಮುಗಿಯುವುದು. ಪ್ರಪಂಚದಲ್ಲಿ ಎಲ್ಲಿದ್ದರೂ ಅವತ್ತು ಎಲ್ಲರಿಗೂ ಅದೇ ಹಾಳೆ. ಹಾಗಾಗಿ ಯಾವ ಪ್ರೆಸ್ಸಿನದ್ದಾದ್ರೂ ಬಾವ್ಲಿಯಲ್ಲಿ ದಾಫ್ ನಂಬರ್ ಇರ್ಲೇಬೇಕು ಮಾರಾಯ್ರೆ. ಇವರ ಪುಸ್ತಕದಲ್ಲಿ ಇಲ್ಲ ಅಂದ್ರೆ ಅದು ಎಂತ ಪುಸ್ತಕ? ಮೊದಲ ಪುಟದ ಫೋಟೋ ಹಾಕಿ ನೋಡುವ.

ಮಾಳಮಡ್ಡಿ:
ಅದನ್ನೇ ಹೇಳಾಕತ್ತೀನಿ ಅಕ್ಕಾರ, ಯೆರುಶಲ್ಮಿ.

ತರ್ಕಪಾದ:
ಎಡಿಷನ್ ಪ್ರಶ್ನೆಯೇ ತಪ್ಪು ದಾರಿ. ವಿಲ್ನಾ ಊರಿನ ರೋಮ್ ಮನೆತನದ ಮುದ್ರಣಾಲಯ 1880ರಿಂದ 1886ರವರೆಗೆ ಅಚ್ಚು ಹಾಕಿದ ಪಾಠವನ್ನೇ ಎಲ್ಲರೂ ಹಿಡಿದುಕೊಂಡು ಕೂತಿದ್ದಾರೆ, ಅದರಲ್ಲಿ ಸೆನ್ಸಾರ್ ಕತ್ತರಿ ಆಡಿದ ಜಾಗಗಳೂ ಇವೆ. ನಾನು ಮ್ಯೂನಿಕ್ 95 ಹಸ್ತಪ್ರತಿಯ ಜೊತೆ ತಾಳೆ ನೋಡಿಕೊಂಡೇ ಓದುವುದು. 1342ರದ್ದು, ಹೆಚ್ಚುಕಡಿಮೆ ಪೂರ್ತಿ ಬಾವ್ಲಿ ಇರುವ ಹಸ್ತಪ್ರತಿ ಅದೊಂದೇ, ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ. ನನ್ನ ಹತ್ತಿರ ದೊಡ್ಡ ಸೈಜಿನ ವಿಲ್ನಾ 20 ಸಂಪುಟವೂ ಇದೆ, ತೇಗದ ವ್ಯಾಸಪೀಠ ಮಾಡಿಸಿ ಅದರ ಮೇಲಿಟ್ಟು ಓದುತ್ತೇನೆ. ಮೀಮಾಂಸೆಯ ಪೂರ್ವಪಕ್ಷ, ಸಿದ್ಧಾಂತ ಗೊತ್ತಿದ್ದವರಿಗೆ ತಾಲ್ಮುಡ್‌ನ ಚರ್ಚೆಯ ಭಾಗವಾದ ಗೆಮಾರಾದ ವಾದದ ಓಟ ಬೇಗ ಹಿಡಿಯುತ್ತದೆ. ಅನುವಾದ ಯಾಕೆ ಬೇಕು?

ಇಂಕ್_ರಾಜ:
ಸಾರ್ ಅವ್ರು 21ಎ ಎಲ್ಲಿದೆ ಅಂತ ಕೇಳ್ತಿದ್ರೆ ನೀವು ಮ್ಯೂನಿಕ್‌ಗೆ ಕಳಿಸ್ತಿದೀರಲ್ಲ. ನಾನು 13 ಇಂಚಿನ ಇ-ಇಂಕ್ ಟ್ಯಾಬ್ಲೆಟ್‌ನಲ್ಲಿ ಒಂದು ಕಡೆ ವಿಲ್ನಾ ಪುಟ, ಇನ್ನೊಂದು ಕಡೆ ಜಾಸ್ಟ್ರೋ ಡಿಕ್ಷನರಿ ಇಟ್ಕೋತೀನಿ, ಪೆನ್ನಲ್ಲಿ ಗೀಚ್ಕೋಬಹುದು, ನಿಮ್ಮ 20 ಸಂಪುಟಕ್ಕೆ ಬೀರು ಬೇಕು, ನಂದು ಬ್ಯಾಗಲ್ಲಿ ಹೋಗತ್ತೆ.

ತರ್ಕಪಾದ:
ಚಾರ್ಜ್ ಖಾಲಿಯಾದ ದಿನ ನಮ್ಮನೆಗೆ ಬನ್ನಿ.

ಹಳೇಹೊತ್ತಿಗೆ:
ಅರ್ಜಿದಾರ ಅವರೇ, ಸೆಟ್ ಸೆಟ್ ಅಂತೀರಿ, ಯಾರ ಅನುವಾದ ಅಂತ ಇನ್ನೂ ಹೇಳಿಲ್ಲ. ನಾಲ್ಕೇ ಪ್ರಶ್ನೆ. ಒಟ್ಟು ಎಷ್ಟು ಪುಸ್ತಕ? ಒಳಗೆ ಹೀಬ್ರೂ ಅಕ್ಷರ ಇದೆಯಾ? ಮೊದಲ ಪುಸ್ತಕದ ಹೆಸರೇನು? ಕೊನೇದು ಯಾವುದು?

ಅರ್ಜಿದಾರ:
10 ಪುಸ್ತಕ. ಹೀಬ್ರೂ ಇಲ್ಲ, ಬರೀ ಇಂಗ್ಲಿಷು, ಅದೇ ಬೇಕಿದ್ದಿದ್ದು ನಂಗೆ. ಮೊದಲನೇದು ಸಬ್ಬತ್. ಕೊನೇದ್ರಲ್ಲಿ ತಾಲ್ಮುಡ್‌ನ ಇತಿಹಾಸ ಅಂತ ಏನೋ ಇದೆ, ಅದಿನ್ನೂ ಓದಿಲ್ಲ. ಮಾರಾಟದ ಪೇಜಲ್ಲಿ ಸಂಪೂರ್ಣ ಅಂತ ಹಾಕಿತ್ತು.

ಬಂಟ್ವಾಳದಕ್ಕ:
ಸಬ್ಬತ್‌ನಿಂದ ಶುರುವಾ? ಬೆರಾಖೋತ್ ಎಲ್ಲಿ ಹೋಯಿತು? ಎರಡೂ ತಾಲ್ಮುಡ್‌ಗೆ ಬೆರಾಖೋತೇ ಮೊದಲು ಅಲ್ವಾ. ಇಲ್ಲಿ ಮಕ್ಕಳಿಗೂ ಗೊತ್ತುಂಟು ಅದು.

ಮಾಳಮಡ್ಡಿ:
ಯೆರುಶಲ್ಮಿಯ ಕೆಲವು ಅನುವಾದ ಬಿಡಿ ಬಿಡಿಯಾಗಿ ಬಂದಾವ್ರಿ, ಅದರಾಗಿಂದು ಒಂದು ಇರ್ಬಹುದು.

ಹಳೇಹೊತ್ತಿಗೆ:
ಮಾಳಮಡ್ಡಿ ಸಾರ್, ಯೆರುಶಲ್ಮಿ ಬಿಟ್ಬಿಡಿ ಸಾಕು. ಅರ್ಜಿದಾರ ಅವರೇ, ಬಾವಾ ಮೆಟ್ಸಿಯಾ ಪುಸ್ತಕದ ತಲೆಬರಹದಲ್ಲಿ "ಟ್ರ್ಯಾಕ್ಟ್" ಅಂತಲೂ ಪಕ್ಕದಲ್ಲಿ "ಮಿಡ್ಲ್ ಗೇಟ್" ಅಂತಲೂ ಇದ್ರೆ ನಿಮ್ಮ ಹತ್ರ ಇರೋದು ಮೈಕಲ್ ರಾಡ್ಕಿನ್ಸನ್ ಅನುವಾದದ ಮರುಮುದ್ರಣ. 1896ರಿಂದ ಕೆಲವು ವರ್ಷ ಅಮೆರಿಕದಲ್ಲಿ ಬಂದಿದ್ದು, 1918ರಲ್ಲಿ ಇನ್ನೊಂದು ಮುದ್ರಣ ಆಯ್ತು. ಹಕ್ಕುಸ್ವಾಮ್ಯ ಮುಗಿದಿರೋದ್ರಿಂದ ಯಾರು ಬೇಕಾದ್ರೂ ಅಚ್ಚು ಹಾಕಿ ಮಾರಬಹುದು, ಅದಕ್ಕೇ ಹುಡುಕಿದ ತಕ್ಷಣ ಮೇಲೆ ಬರೋದು ಅದೇ. ಅದು ಸಂಕ್ಷಿಪ್ತ. ವಾದಗಳಲ್ಲಿ ಆಮೇಲೆ ಸೇರಿದ್ದು ಅಂತ ಅವರಿಗೆ ಅನ್ನಿಸಿದ್ದನ್ನೆಲ್ಲ ತೆಗೆದುಹಾಕಿದ್ದಾರೆ, ಮುಗಿಸಿದ್ದೂ ಮುಖ್ಯವಾಗಿ ಮೋಏದ್ ಮತ್ತು ನೆಝಿಕಿನ್ ಅನ್ನೋ ಎರಡು ವಿಭಾಗ. ಬೆರಾಖೋತ್ ಬರೋದು ಝೆರಾಇಮ್ ವಿಭಾಗದಲ್ಲಿ, ಹಾಗಾಗಿ ಅದು ಇಲ್ಲ. ಮೂಲ ಪಕ್ಕದಲ್ಲಿಲ್ಲ, ದಾಫ್ ನಂಬರೂ ಇಲ್ಲ. ನೀವು 39 ಅಲ್ಲ 390 ತೆಗೆದ್ರೂ 21ಎ ಸಿಗಲ್ಲ.

ಅರ್ಜಿದಾರ:
ಟ್ರ್ಯಾಕ್ಟ್ ಅಂತಲೇ ಇದೆ. ಮಿಡ್ಲ್ ಗೇಟೂ ಇದೆ. ವಾಪಸ್ ಕೊಡೋ ಗಡುವು ಮುಗಿದಿದೆ. ಸಂಪೂರ್ಣ ಅಂತ ಹಾಕಿದ್ದಕ್ಕೆ ನೋಟೀಸ್ ಕೊಡೋ ಅಷ್ಟು ಸಿಟ್ಟು ಬರ್ತಿದೆ.

ಹಳೇಹೊತ್ತಿಗೆ:
ನೋಟೀಸ್ ಆಮೇಲೆ ಕೊಡಿ, ಈಗ ಓದೋ ದಾರಿ ನೋಡಿ. ದಾಫ್ ನಂಬರ್ ವ್ಯವಸ್ಥೆ ಗಟ್ಟಿಯಾಗಿದ್ದು ವೆನಿಸ್‌ನಲ್ಲಿ ಡೇನಿಯಲ್ ಬಾಂಬರ್ಗ್ 1520ರಿಂದ 1523ರ ಒಳಗೆ ಪೂರ್ತಿ ಬಾವ್ಲಿ ಅಚ್ಚು ಹಾಕಿದಾಗ, ಆಮೇಲಿನವರು ಅದೇ ಹಾಳೆ ಲೆಕ್ಕ ಇಟ್ಟುಕೊಂಡರು. ನೀವು ಏನೇ ತಗೊಂಡ್ರೂ ಆ ನಂಬರ್ ಇರಬೇಕು, ಅದೊಂದು ನೋಡಿ ಸಾಕು. ಮೂರು ಹೇಳ್ತೀನಿ. ಹಳೇ ಸೊನ್ಸಿನೊ, 1935ರಲ್ಲಿ ಶುರುವಾಗಿ 1952ರಲ್ಲಿ ಮುಗಿದಿದ್ದು, ಇಂಗ್ಲಿಷ್ ಗಂಭೀರವಾಗಿದೆ, ಅಡಿಟಿಪ್ಪಣಿ ಚೆನ್ನಾಗಿದೆ, ಆದ್ರೆ ವಾದ ಯಾಕೆ ಹಿಂಗೆ ತಿರುಗ್ತು ಅಂತ ಕೈಹಿಡಿದು ಹೇಳಲ್ಲ. ಆರ್ಟ್‌ಸ್ಕ್ರೋಲ್‌ನ ಶಾಟನ್‌ಸ್ಟೈನ್ ಎಡಿಷನ್ 73 ಸಂಪುಟ, 1990ರಿಂದ 2005, ಅರಾಮಿಕ್ ನಾಲ್ಕು ಪದ ಕೊಟ್ಟು ಅದರ ಅರ್ಥ, ನಡುವೆ ಬಿಟ್ಟುಹೋದ ಕೊಂಡಿ, ಕೆಳಗೆ ರಾಶಿ ಅನ್ನೋ ಮಧ್ಯಯುಗದ ವ್ಯಾಖ್ಯಾನಕಾರನ ವಿವರಣೆ ಆಧರಿಸಿ ಟಿಪ್ಪಣಿ. ಮೂರನೇದು ಕೋರೆನ್‌ನ ನೋಎ ಎಡಿಷನ್, 42 ಸಂಪುಟ, ಸ್ಟೈನ್‌ಸಾಲ್ಟ್ಸ್ ಅನ್ನೋ ರಬ್ಬಿಯ ವ್ಯಾಖ್ಯಾನ, ಒಂದು ತುದಿಯಿಂದ ತೆರೆದ್ರೆ ಸ್ವರಚಿಹ್ನೆ ಹಾಕಿದ ವಿಲ್ನಾ ಪುಟ, ಇನ್ನೊಂದು ತುದಿಯಿಂದ ಇಂಗ್ಲಿಷ್, ಗಿಡ, ಪಾತ್ರೆ, ನಾಣ್ಯದ ಚಿತ್ರಗಳೂ ಇವೆ. ವಕೀಲರಿಗೆ ನನ್ನ ವೋಟು ಆರ್ಟ್‌ಸ್ಕ್ರೋಲ್‌ಗೆ, ಯಾಕಂದ್ರೆ ಬಾವಾ ಮೆಟ್ಸಿಯಾದಲ್ಲಿ ಒಂದು ಹೆಜ್ಜೆ ತಪ್ಪಿದ್ರೂ ವಾದ ಕೈಜಾರತ್ತೆ. ಪೂರ್ತಿ ಸೆಟ್ಟಿಗೆ ಮಾತ್ರ ಕೈ ಹಾಕಬೇಡಿ. ಬಾವಾ ಮೆಟ್ಸಿಯಾ ಆರ್ಟ್‌ಸ್ಕ್ರೋಲ್‌ನಲ್ಲಿ ಮೂರು ಸಂಪುಟ, ಮೊದಲನೇದೊಂದೇ ಸಾಕು ಈಗ.

ಇಂಕ್_ರಾಜ:
ಆರ್ಟ್‌ಸ್ಕ್ರೋಲ್ ಊರುಗೋಲು. ಅಭ್ಯಾಸ ಆದ್ರೆ ಜೀವಮಾನದಲ್ಲಿ ಗೆಮಾರಾ ಕಡೆ ಕಣ್ಣೇ ಹಾಯ್ಸಲ್ಲ. ಕೋರೆನ್ ತಗೋ ಬ್ರೋ, ಇಂಗ್ಲಿಷ್ ಒಂದು ಕಡೆ ಇದ್ರೂ ಪೂರ್ತಿ ವಿಲ್ನಾ ಪುಟ ನೋಡೋಕೆ ಪುಸ್ತಕ ತಿರುಗಿಸ್ಲೇಬೇಕು, ಬುದ್ಧಿ ಚುರುಕಾಗತ್ತೆ.

ಹಳೇಹೊತ್ತಿಗೆ:
ಪುಸ್ತಕ ತಿರುಗಿಸಿದ್ರೆ ಬುದ್ಧಿ ಚುರುಕಾಗಲ್ಲ, ಕೈ ನೋಯತ್ತೆ.

ಬಂಟ್ವಾಳದಕ್ಕ:
ಎಂತ ಊರುಗೋಲು ಗೀರುಗೋಲು ಅಂತ ಮಾತಾಡುದು ನೀವು. ಹೀಬ್ರೂ ಇಲ್ಲಿ ಮಾತಾಡುವ ಭಾಷೆ, ಗೆಮಾರಾ ಅರಾಮಿಕ್, ಇಲ್ಲಿಯವರಿಗೇ ಸಲೀಸಾಗಿ ಬರುದಿಲ್ಲ. ನಮ್ಮ ಅಜ್ಜ ಚಿಕ್ಕಂದಿನಿಂದ ಓದಿದವರು, ಅವರ ಮೇಜಿನ ಮೇಲೂ ಸ್ಟೈನ್‌ಸಾಲ್ಟ್ಸ್ ಹೀಬ್ರೂ ಪುಸ್ತಕ ಉಂಟು. ಸ್ಟೈನ್‌ಸಾಲ್ಟ್ಸ್ 1965ರಲ್ಲಿ ಶುರು ಮಾಡಿ 2010ರಲ್ಲಿ ಮುಗಿಸಿದ್ದು. ಮೊದಲು ಅವರು ಪುಟದ ಹಳೆಯ ಅಚ್ಚನ್ನೇ ಬದಲಾಯಿಸಿದ್ರು ಅಂತ ಬೈದವರೂ ಇದ್ರಂತೆ. ಅಜ್ಜ ಅದರಲ್ಲಿ ಅರ್ಥ ನೋಡಿಕೊಳ್ಳುದು, ಮತ್ತೆ ವಿಲ್ನಾ ತೆಗೆದು ಜೋರಾಗಿ ಓದುದು. ಎರಡೂ ಬೇಕು.

ಅರ್ಜಿದಾರ:
ಥ್ಯಾಂಕ್ಸ್ ಅಕ್ಕ. ಆದ್ರೆ ಹೊರದೇಶದಿಂದ ಒಂದು ಸಂಪುಟ ತರಿಸಿದ್ರೂ ಬರೋ ಹೊತ್ತಿಗೆ ಅಧ್ಯಾಯ ಮುಗಿದಿರತ್ತೆ. ಗುಂಪಲ್ಲಿ ಈಗ ಅಬ್ಬಾಯೆ ಮತ್ತು ರಾವಾ ಅನ್ನೋ ಇಬ್ಬರು ತಾಲ್ಮುಡ್ ಪಂಡಿತರ ಜಗಳ ನಡೀತಿದೆ, ವಸ್ತು ಕಳೆದಿರೋದೇ ಮಾಲೀಕನಿಗಿನ್ನೂ ಗೊತ್ತಿಲ್ಲ, ಗೊತ್ತಾಗಿದ್ರೆ ಆಸೆ ಬಿಡ್ತಿದ್ದ, ಹಂಗಾದ್ರೆ ಈಗ್ಲೇ ಬಿಟ್ಟ ಲೆಕ್ಕವಾ ಅಂತ. ರಾವಾ ಹೌದಂತಾನೆ ಅಬ್ಬಾಯೆ ಇಲ್ಲ ಅಂತಾನೆ, ಕೊನೆಗೆ ಅಬ್ಬಾಯೆ ಮಾತೇ ನಿಲ್ಲತ್ತಂತೆ. ನಮ್ಮ 1872ರ ಕಾಂಟ್ರ್ಯಾಕ್ಟ್ ಆಕ್ಟ್ 71ನೇ ಸೆಕ್ಷನ್‌ನಲ್ಲಿ ವಸ್ತು ಎತ್ತಿಕೊಂಡೋನ ಜವಾಬ್ದಾರಿ ಇದೆ, ಕಳ್ಕೊಂಡೋನ ಮನಸ್ಸಲ್ಲಿ ಏನಿತ್ತು ಅಂತ ಇಷ್ಟು ದೂರ ಬೆನ್ನತ್ತಿ ಹೋಗಲ್ಲ. ನನ್ನ 10 ಪುಸ್ತಕದ ಸೆಟ್ಟಲ್ಲಿ ಈ ವಾದ ಎಷ್ಟು ಉಳಿದಿದೆಯೋ ಎಷ್ಟು ಹಾರಿಸಿದಾರೋ ಹೇಳೋಕಾಗ್ತಿಲ್ಲ, ಅದೇ ಸಂಕಟ. ಈ ವಾರಕ್ಕೆ ಏನಾದ್ರೂ ದಾರಿ ಇದ್ಯಾ?

ಹಳೇಹೊತ್ತಿಗೆ:
ಇದೆ. ಸೆಫಾರಿಯಾ ಸೈಟ್‌ನಲ್ಲಿ ಅದೇ ಸ್ಟೈನ್‌ಸಾಲ್ಟ್ಸ್ ಇಂಗ್ಲಿಷ್ 2017ರಿಂದ ಪುಕ್ಕಟೆ ಇದೆ, ವಿಲಿಯಂ ಡೇವಿಡ್ಸನ್ ಎಡಿಷನ್ ಅಂತ ಹೆಸರು. ದಪ್ಪಕ್ಷರದಲ್ಲಿರೋದು ಮೂಲದ ಮಾತು, ತೆಳುವಾದ ಅಕ್ಷರದ್ದು ವಿವರಣೆಗೆ ಸೇರಿಸಿದ್ದು, ಎರಡು ಕಲಸಿಕೊಳ್ಳಬೇಡಿ. ಎರಡನೇ ಅಧ್ಯಾಯ 21ಎ ಇಂದ 33ಬಿ, ಅಂದ್ರೆ 13 ಹಾಳೆ, 26 ಮುಖ ಅಷ್ಟೇ. ವಿಲ್ನಾ ಸ್ಕ್ಯಾನ್ ಹೀಬ್ರೂಬುಕ್ಸ್‌ನಲ್ಲಿ ಸಿಗತ್ತೆ. ವಿಲ್ನಾ ಎ3ಯಲ್ಲಿ, ಇಂಗ್ಲಿಷ್ ಎ4ನಲ್ಲಿ, ಎರಡು ಬೇರೆ ಬೇರೆ ಪ್ರಿಂಟ್ ಹಾಕಿಸಿ ಪಕ್ಕ ಪಕ್ಕ ಇಟ್ಟುಕೊಳ್ಳಿ. ಕಾಗದ ಬೇಕು ಅಂದ್ರಲ್ಲ.

ಮಾಳಮಡ್ಡಿ:
ಸೆಫಾರಿಯಾದಾಗ ಯೆರುಶಲ್ಮಿನೂ ಅದ, ಸುಮ್ನ ಹೇಳ್ದೆ.

ಇಂಕ್_ರಾಜ:
ತರ್ಕಪಾದ ಸಾರ್, ಆ ವ್ಯಾಸಪೀಠಕ್ಕೆ ಎಷ್ಟಾಯ್ತು? ಟ್ಯಾಬ್ಲೆಟ್ ಇಡೋ ಅಳತೇಲಿ ಮಾಡ್ಕೊಡ್ತಾರಾ?

ತರ್ಕಪಾದ:
ಟ್ಯಾಬ್ಲೆಟ್‌ಗೆ ಅಡುಗೆಮನೆ ತಟ್ಟೆ ಸ್ಟ್ಯಾಂಡ್ ಸಾಕು. ತೇಗ ದಂಡ.

ನಿರ್ವಾಹಕ:
ವ್ಯಾಸಪೀಠಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ಮುಂದುವರಿಸಿ.

ಅರ್ಜಿದಾರ:
ಪ್ರಿಂಟ್ ಹಾಕ್ಸಿದೆ, ಸ್ಪೈರಲ್ ಬೈಂಡಿಂಗೂ ಆಯ್ತು. ಈಗ ಎರಡು ತೊಂದರೆ. ಒಂದು, 21ಎ ಪುಟದಲ್ಲಿ ರಾಶಿ ವ್ಯಾಖ್ಯಾನ ಬಲಗಡೆ ಇದೆ, 21ಬಿಯಲ್ಲಿ ಎಡಗಡೆ ಬಂದಿದೆ, ಸ್ಕ್ಯಾನ್ ಉಲ್ಟಾ ಆಗಿದ್ಯಾ? ಎರಡು, ಓದ್ತಾ ಹೋದ್ರೆ ಹಿಂದಿನ ಹಾಳೆ ಮುಂದೆ, ಮುಂದಿನದು ಹಿಂದೆ ಬರ್ತಿದೆ.

ಬಂಟ್ವಾಳದಕ್ಕ:
ಜೆರಾಕ್ಸ್ ಅಂಗಡಿಯವ ನಮ್ಮ ಕನ್ನಡ ಪುಸ್ತಕದ ಹಾಗೆ ಎಡಕ್ಕೆ ತೂತು ಹಾಕಿದ್ದಾನೆ ನೋಡಿ. ಹೀಬ್ರೂ ಬಲದಿಂದ ಓದುವುದು, ಸ್ಪೈರಲ್ ಬಲಗಡೆ ಬರಬೇಕು.

ಹಳೇಹೊತ್ತಿಗೆ:
ಸ್ಕ್ಯಾನ್ ಸರಿಯಾಗೇ ಇದೆ. ರಾಶಿ ಯಾವಾಗ್ಲೂ ಹೊಲಿಗೆ ಕಡೆಗೆ, ತೋಸಾಫೋತ್ ಅನ್ನೋ ಆಮೇಲಿನ ವ್ಯಾಖ್ಯಾನ ಹೊರಗಡೆಗೆ. ಹಾಗಾಗಿ ಎ ಮುಖದಲ್ಲಿ ಬಲಕ್ಕೆ, ಬಿ ಮುಖದಲ್ಲಿ ಎಡಕ್ಕೆ ಬರತ್ತೆ. ಸ್ಪೈರಲ್ ಬಿಚ್ಚಿಸಿ ಬಲಕ್ಕೆ ಹಾಕಿಸಿ.

ಅರ್ಜಿದಾರ:
ಎಡಗಡೆ ತೂತು ಬಿದ್ದ ಕಡೆ ಅಕ್ಷರ ಹೋಗಿದೆಯಲ್ಲ?

ಹಳೇಹೊತ್ತಿಗೆ:
ಹೋಗಿರೋದು ಎರಡೂ ಮುಖದಲ್ಲಿ ತೋಸಾಫೋತ್ ಕಡೆಯದ್ದು. ಮೊದಲ ವರ್ಷ ನೀವು ಅದನ್ನ ಹೇಗೂ ಓದಲ್ಲ.

ತರ್ಕಪಾದ:
ತೋಸಾಫೋತ್ ಓದಲ್ಲ ಅನ್ನುವುದಕ್ಕೆ ನನ್ನ ಆಕ್ಷೇಪವಿದೆ. ಉದ್ದ ಬರೆಯಬೇಕು, ರಾತ್ರಿ ಬರೆಯುತ್ತೇನೆ.