ಸಹಾಯ ಬೇಕು: ಬರ್ಬೇಜ್ ಬಯಲಲ್ಲಿ ನಾಯಿ ಜೊತೆ ಸುತ್ತು ನಡಿಗೆ

ಎಲ್ಲರಿಗೂ ನಮಸ್ಕಾರ. ಶೆಫೀಲ್ಡ್ ಕಡೆಯವರು ಯಾರಾದರೂ ಹೇಳಿ. ಮೇ ಕೊನೆಯಲ್ಲಿ 30 ಕೆಜಿ ಲ್ಯಾಬ್ರಡಾರ್ ಜೊತೆ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಬರ್ಬೇಜ್ ಸುತ್ತು ಹಾಕಬೇಕು. ದಾರಿ ಹೀಗೆ: ಅಪ್ಪರ್ ಬರ್ಬೇಜ್ ಬ್ರಿಡ್ಜ್ ಪಾರ್ಕಿಂಗ್, ಹಿಗ್ಗರ್ ಟಾರ್ (434 ಮೀ ಎತ್ತರದ ಬಂಡೆಗುಡ್ಡ), ಕಾರ್ಲ್ ವಾರ್ಕ್ (ಹಳೇ ಕೋಟೆಯ ಬಂಡೆದಿಬ್ಬ), ಕೆಳಗಿಳಿದು ಹಳ್ಳದ ಹಳೇ ಕಲ್ಲುಸೇತುವೆ, ಆಮೇಲೆ ಬರ್ಬೇಜ್ ರಾಕ್ಸ್ ಅಂಚು ಹಿಡಿದು ವಾಪಸ್.

ಮಾರ್ಚ್ 1ರಿಂದ ಜುಲೈ 31ರವರೆಗೆ ಇಂಥ ತೆರೆದ ಬಯಲಲ್ಲಿ ನಾಯಿಗೆ 2 ಮೀಟರ್ ಮೀರದ ಹಗ್ಗ ಕಡ್ಡಾಯ. ಕರ್ಲ್ಯೂ (ಉದ್ದ ಬಾಗಿದ ಕೊಕ್ಕಿನ ಹಕ್ಕಿ), ಸ್ಕೈಲಾರ್ಕ್‌ನಂಥ ಹಕ್ಕಿಗಳು ನೆಲದಲ್ಲೇ ಗೂಡು ಕಟ್ಟುತ್ತವೆ. ನಾಯಿ ಹತ್ತಿರ ಹೋದರೆ ತಾಯಿಹಕ್ಕಿ ಎದ್ದುಹೋಗಿ ಮೊಟ್ಟೆ ತಣ್ಣಗಾಗುತ್ತದೆ. ಹಾಗಾಗಿ ಎಳೆದಷ್ಟೂ ಉದ್ದವಾಗುವ ಹಗ್ಗ ಬೇಡ, ಸೊಂಟದ ಬೆಲ್ಟಿಗೆ ಸಿಕ್ಕಿಸುವ ಗಟ್ಟಿ ಹಗ್ಗವೇ ಸರಿ.

ನನಗೆ ತಿಳಿಯಬೇಕಿರುವುದು ಮುಖ್ಯವಾಗಿ ಹಿಗ್ಗರ್ ಟಾರ್‌ನ ದಕ್ಷಿಣದ ಇಳಿಜಾರು. ಬಂಡೆಗಳ ನಡುವೆ ನಾಯಿ ತಾನೇ ಇಳಿಯುತ್ತದಾ, ಇಲ್ಲ ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ ಬೇಕಾ? ಇಲ್ಲಿಯ ಗ್ರಿಟ್‌ಸ್ಟೋನ್ (ಒರಟು ಮರಳುಗಲ್ಲು) ಉಪ್ಪುಕಾಗದದ ಹಾಗೆ, ಅಂಗಾಲು ಬೇಗ ಸವೆಯುತ್ತದೆ. ಕಾರ್ಲ್ ವಾರ್ಕ್ ಕೆಳಗಿನ ಹುದುಲು ಮೇನಲ್ಲಿ ಎಷ್ಟು ಒಣಗಿರುತ್ತದೆ? ದಾರಿಯಲ್ಲಿ ನಾಯಿಯನ್ನು ಎತ್ತಿ ದಾಟಿಸಬೇಕಾದ ಮೆಟ್ಟಿಲುಬೇಲಿ ಇದೆಯಾ?

ಕರು ಜೊತೆಗಿರುವ ದನಗಳು ಸಿಕ್ಕರೆ ದೂರ ಬಳಸಿಹೋಗುವುದು, ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡುವುದು ಗೊತ್ತು. ಈಗ ಅವು ಯಾವ ಕಡೆ ಮೇಯುತ್ತಿವೆ ಅಂತ ಈಚೆಗೆ ಹೋದವರು ತಿಳಿಸಿದರೆ ಸುತ್ತನ್ನು ಉಲ್ಟಾ ಹಾಕಬಹುದು. ಉಣುಗು ತೆಗೆಯುವ ಕೊಕ್ಕೆ ಚೀಲದಲ್ಲಿದೆ.