ಶೇಂಗಾ ಹಿಂಡಿ ಪುಟಕ್ಕೆ ಇಂಪ್ರೆಶನ್ ಸಾಕಷ್ಟಿದೆ, ಕ್ಲಿಕ್ ಮಾತ್ರ ಇಲ್ಲ: ಕೀವರ್ಡ್ ಆಯ್ಕೆಯಲ್ಲಿ ಎಲ್ಲಿ ತಪ್ಪಿದ್ದೇನೆ?

ಬಿಳಿಜೋಳ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು ಕೇಶ್ವಾಪುರದ ಮನೆಯಲ್ಲಿಯೇ ನಾಲ್ವರು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮತ್ತು ಹಬ್ಬದ ದಿನಗಳಲ್ಲಿ ಉಂಡಿಗಳನ್ನು ಮಾಡಿ ಮಾರುತ್ತಾರೆ. ಬೆಂಗಳೂರು, ಪುಣೆಗಳಲ್ಲಿ ನೆಲೆಸಿರುವ ನಮ್ಮ ಕಡೆಯವರಿಗೆ ಕೊರಿಯರ್ ಮೂಲಕ ಕಳಿಸಲು ಅನುಕೂಲವಾಗಲಿ ಎಂದು ಎಂಟು ತಿಂಗಳ ಹಿಂದೆ ನಾನೇ ಒಂದು ವೆಬ್‌ಸೈಟ್ ಸಿದ್ಧಪಡಿಸಿದೆ. ಎಸ್‌ಇಒ (ಹುಡುಕಾಟದಲ್ಲಿ ಪುಟವನ್ನು ಮೇಲೆ ತರುವ ಕೆಲಸ) ವಿಷಯದಲ್ಲಿ ನಾನು ಇನ್ನೂ ಅಕ್ಷರಾಭ್ಯಾಸದ ಹಂತದಲ್ಲಿದ್ದೇನೆ.

ಯಾವ ಪದವನ್ನು (ಕೀವರ್ಡ್) ಜನ ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆಂದು ತೋರಿಸುವ ಗೂಗಲ್ ಕೀವರ್ಡ್ ಪ್ಲಾನರ್‌ನಲ್ಲಿ ನಮ್ಮ ತಿನಿಸುಗಳ ಹೆಸರುಗಳನ್ನು ಕನ್ನಡದಲ್ಲಿ ಹಾಕಿದಾಗ ಹೆಚ್ಚಿನವುಗಳ ಮುಂದೆ ಬರೀ ಒಂದು ಅಡ್ಡಗೆರೆ ಬಂದಿತು. ಉಳಿದವಕ್ಕೆ 10ರಿಂದ 100 ಎಂದೋ, 100ರಿಂದ 1 ಸಾವಿರ ಎಂದೋ ತೋರಿಸಿತು. ಅವುಗಳಲ್ಲಿ ‘ಶೇಂಗಾ ಹಿಂಡಿ’ಗೆ ಸಂಖ್ಯೆ ಇದ್ದುದರಿಂದ, ಪೈಪೋಟಿಯ ಕಾಲಮ್ಮಿನಲ್ಲಿ ‘ಕಡಿಮೆ’ ಎಂದೂ ಇದ್ದುದರಿಂದ, ಅದೇ ಶೀರ್ಷಿಕೆ ಇಟ್ಟು ಒಂದು ಪುಟ ಬರೆದೆ. ನಮ್ಮ ಪುಟಗಳು ಹುಡುಕಾಟದಲ್ಲಿ ಹೇಗೆ ಕಾಣುತ್ತಿವೆಯೆಂದು ತಿಳಿಸುವ ಗೂಗಲ್ ಸರ್ಚ್ ಕನ್ಸೋಲ್ ಪ್ರಕಾರ ಕಳೆದ ಮೂರು ತಿಂಗಳಲ್ಲಿ ಆ ಪುಟಕ್ಕೆ 2,140 ಇಂಪ್ರೆಶನ್ (ಫಲಿತಾಂಶಗಳಲ್ಲಿ ಪುಟ ಕಂಡ ಎಣಿಕೆ), ಸರಾಸರಿ ಸ್ಥಾನ 8.6, ಕ್ಲಿಕ್ ಕೇವಲ 9. ನನ್ನ ಫೋನಿನಲ್ಲಿ ಹುಡುಕಿದರೆ ನಮ್ಮ ಪುಟವೇ ಎಲ್ಲಕ್ಕಿಂತ ಮೇಲೆ ಬರುತ್ತದೆ. ಕಂಡೂ ಯಾರೂ ಒತ್ತುತ್ತಿಲ್ಲವೆಂದರೆ ದೋಷ ಎಲ್ಲಿದೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿರಿ.

ಬೆಟಗೇರಿ ಮಗ್ಗ (ಗದಗ)

ಸ್ಥಾನ ಮೊದಲ ಪುಟದಲ್ಲಿದ್ದೂ ಕ್ಲಿಕ್ ಬರುತ್ತಿಲ್ಲವೆಂದರೆ ಶೀರ್ಷಿಕೆ ಸಪ್ಪೆಯಾಗಿರಬೇಕು. ಬೆಲೆಯನ್ನೂ ‘ಮನೆಯಲ್ಲಿ ಮಾಡಿದ್ದು’ ಎಂಬ ಮಾತನ್ನೂ ಶೀರ್ಷಿಕೆಗೆ ಸೇರಿಸಿ ನೋಡಿರಿ. ಓದುಗರಿಗೆ ಕಾಣದ ಮೆಟಾ ಕೀವರ್ಡ್ಸ್ ಜಾಗದಲ್ಲಿ ಇನ್ನಷ್ಟು ಪದಗಳನ್ನು ತುಂಬಿದರೂ ಒಳ್ಳೆಯದು. ನಮ್ಮ ಸೀರೆಗಳ ಪುಟಕ್ಕೆ ನಾನು ಹಾಗೆಯೇ ಮಾಡಿದ್ದೇನೆ.

ಮಾಳಮಡ್ಡಿ (ಧಾರವಾಡ)

ಬೆಟಗೇರಿಯವರ ಮೊದಲ ಸಲಹೆಯಲ್ಲಿ ಹುರುಳಿದೆ. ಎರಡನೆಯದನ್ನು ಕೈಬಿಡುವುದು ಒಳಿತು. ಮೆಟಾ ಕೀವರ್ಡ್ಸ್ ಟ್ಯಾಗನ್ನು ಹುಡುಕಾಟದ ಶ್ರೇಣಿಗೆ ತಾನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಬಹಿರಂಗವಾಗಿ ಹೇಳಿದೆ. ಅಲ್ಲಿ ತುಂಬಿದ ಪದಗಳಿಂದ ಹಾನಿಯಿಲ್ಲದಿದ್ದರೂ ಕೈನೋವು ಮಾತ್ರ ಲಾಭ.

ಬಿಳಿಜೋಳ ಅವರೇ, ಶೀರ್ಷಿಕೆಯನ್ನು ಮುಟ್ಟುವ ಮೊದಲು ಒಂದು ಕೆಲಸ ಮಾಡಿರಿ. ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ‘ಪುಟಗಳು’ ವಿಭಾಗಕ್ಕೆ ಹೋಗಿ ಆ ಒಂದೇ ಪುಟವನ್ನು ಆಯ್ದುಕೊಂಡು, ಬಳಿಕ ‘ಪ್ರಶ್ನೆಗಳು’ ವಿಭಾಗಕ್ಕೆ ಮರಳಿರಿ. ಜನರು ಯಾವ ಪದಗಳನ್ನು ಟೈಪ್ ಮಾಡಿದಾಗ ಆ ಪುಟ ಕಂಡಿತೆಂಬುದು ಸಾಲುಸಾಲಾಗಿ ದೊರೆಯುತ್ತದೆ. ಕನ್ನಡ ಲಿಪಿಯಲ್ಲಿ ಬಂದವುಗಳನ್ನಷ್ಟೇ ಬೇರ್ಪಡಿಸಬೇಕಾದರೆ ಪ್ರಶ್ನೆಯ ಫಿಲ್ಟರ್‌ನಲ್ಲಿ ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ) ಆಯ್ಕೆಯನ್ನು ತೆರೆದು [ಅ-ಹ] ಎಂದು ಚೌಕ ಕಂಸಗಳ ಸಮೇತ ಹಾಕಿರಿ. ಕನ್ನಡದ ಒಂದಕ್ಷರವಾದರೂ ಇರುವ ಸಾಲುಗಳೆಲ್ಲ ಉಳಿದು ಮಿಕ್ಕವು ಮರೆಯಾಗುತ್ತವೆ. ಮೇಲಿನ ಆರೇಳು ಸಾಲುಗಳನ್ನು ಇಲ್ಲಿ ಬರೆದು ತಿಳಿಸಿರಿ. ನಿಮ್ಮ ಫೋನಿನಲ್ಲಿ ಕಾಣುವ ಸ್ಥಾನವನ್ನು ನಂಬಬೇಡಿರಿ, ಏಕೆಂದರೆ ನೀವು ಕೂತಿರುವ ಊರನ್ನೂ ನೀವು ಹಿಂದೆ ಹುಡುಕಿದ್ದನ್ನೂ ಗೂಗಲ್ ಗಣನೆಗೆ ತೆಗೆದುಕೊಳ್ಳಬಹುದು. ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ ನೋಡಿದರೂ ಊರಿನ ಪ್ರಭಾವ ಹೋಗುವುದಿಲ್ಲ.

ಬಿಳಿಜೋಳ (ಹುಬ್ಬಳ್ಳಿ)

ತಾವು ಹೇಳಿದಂತೆ ತೆಗೆದೆ. ಮೊದಲ ಸಂಖ್ಯೆ ಇಂಪ್ರೆಶನ್, ಎರಡನೆಯದು ಕ್ಲಿಕ್.

ಶೇಂಗಾ ಹಿಂಡಿ ಬೆಲೆ: 610, 0
ಶೇಂಗಾ ಹಿಂಡಿ ದರ ಇಂದು: 334, 0
ಶೇಂಗಾ ಹಿಂಡಿ 50 ಕೆಜಿ: 187, 1
ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಶೇಂಗಾ ಹಿಂಡಿ: 152, 0
ಶೇಂಗಾ ಚಟ್ನಿ ಪುಡಿ: 41, 3
ಉತ್ತರ ಕರ್ನಾಟಕ ಶೇಂಗಾ ಚಟ್ನಿ: 23, 2

ಇವುಗಳನ್ನು ಕೂಡಿಸಿದರೆ 1,347 ಆಗುತ್ತದೆಯೇ ಹೊರತು 2,140 ಆಗುವುದಿಲ್ಲ. ಪಟ್ಟಿಯಲ್ಲಿ ಇನ್ನು ಉಳಿದಿರುವ ಚಿಕ್ಕಪುಟ್ಟ ಸಾಲುಗಳನ್ನು ಸೇರಿಸಿದರೂ ಲೆಕ್ಕ ಹೊಂದುವುದಿಲ್ಲ. ಅದಿರಲಿ, 50 ಕಿಲೋ ಕೇಳುವವರು ಇಷ್ಟು ಜನ ಇದ್ದಾರೆಂದರೆ ಸಗಟು ಬೇಡಿಕೆ ಇದೆಯೆಂದೇ ಅರ್ಥವಲ್ಲವೇ? ನಮ್ಮ ತಾಯಿಯವರು ಶೇಂಗಾ ಹುರಿಯಲು ಯಂತ್ರ ಕೊಳ್ಳುವ ಮಾತನ್ನೂ ಆಡತೊಡಗಿದ್ದಾರೆ.

ಮಾಳಮಡ್ಡಿ (ಧಾರವಾಡ)

ಯಂತ್ರವನ್ನು ಸದ್ಯಕ್ಕೆ ಕೊಳ್ಳಬೇಡಿರೆಂದು ತಾಯಿಯವರಿಗೆ ನನ್ನ ನಮಸ್ಕಾರ ಸಹಿತ ತಿಳಿಸಿರಿ. 50 ಕಿಲೋ ಹಿಂಡಿಯನ್ನು ಕೇಳುತ್ತಿರುವುದು ಎಮ್ಮೆ, ಆಕಳು ಕಟ್ಟಿದವರು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯನ್ನು ಚೀಲದ ಲೆಕ್ಕದಲ್ಲಿ ಕೊಂಡು ದನಗಳಿಗೆ ಹಾಕುತ್ತಾರೆ. ಹತ್ತಿಕಾಳಿನ ಹಿಂಡಿಯ ಹಾಗೆ ಅದರ ದರವೂ ಏರಿಳಿಯುವುದರಿಂದ ‘ದರ ಇಂದು’ ಎಂದು ಹುಡುಕುತ್ತಾರೆ. ಅಂಥವರಿಗೆ ನಿಮ್ಮ ಪುಟ ಕಾಣುತ್ತದೆ, ಬಟ್ಟಲಿನಲ್ಲಿ ಬೆಳ್ಳುಳ್ಳಿ ಖಾರ ಬೆರೆಸಿದ ಪುಡಿಯ ಚಿತ್ರವನ್ನು ನೋಡುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಅವರು ಒತ್ತದಿರುವುದು ಸರಿಯಾಗಿಯೇ ಇದೆ. ಶೀರ್ಷಿಕೆಗೆ ಬೆಲೆ ಸೇರಿಸಿದ್ದರೆ ಬಹುಶಃ ಇನ್ನಷ್ಟು ದನದ ಮಾಲೀಕರು ಬಂದು, ಕಾಲು ಕಿಲೋ ಪೊಟ್ಟಣದ ದರ ನೋಡಿ ಬೆರಗಾಗಿ ಹಿಂದಿರುಗುತ್ತಿದ್ದರು.

ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಇನ್ನೊಂದು ತೊಡಕಿದೆ. ಆ ಲಿಪಿಯಲ್ಲಿ ನಮ್ಮ ಹಿಂಡಿಗೂ ಹಿಂದಿ ಭಾಷೆಗೂ ಕಾಗುಣಿತ ಒಂದೇ. ಶೇಂಗಾಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೆ ಎಂದು ತಿಳಿಯಬಯಸಿದವರೂ ಅದೇ ಎರಡು ಪದಗಳನ್ನು ಟೈಪ್ ಮಾಡಬಹುದು. ಆ 152 ಇಂಪ್ರೆಶನ್‌ಗಳಲ್ಲಿ ನಿಮ್ಮ ಗಿರಾಕಿ ಎಷ್ಟು ಮಂದಿ ಎಂದು ಬೇರ್ಪಡಿಸಲು ದಾರಿಯಿಲ್ಲ.

ಈಗ ಕೊನೆಯ ಎರಡು ಸಾಲುಗಳನ್ನು ನೋಡಿರಿ. 64 ಇಂಪ್ರೆಶನ್‌ಗೆ 5 ಕ್ಲಿಕ್. ನಿಮ್ಮ ವ್ಯಾಪಾರ ಇರುವುದು ಅಲ್ಲಿ. ನಾವು ಹುಬ್ಬಳ್ಳಿ-ಧಾರವಾಡದವರು ಹಿಂಡಿ ಎನ್ನುವುದನ್ನು ಬೆಂಗಳೂರಿನ ಅಂಗಡಿಗಳಲ್ಲಿ ಚಟ್ನಿ ಪುಡಿ ಎಂದು ಮಾರುತ್ತಾರೆ. ಅಲ್ಲಿ ಹತ್ತು ವರ್ಷ ಇದ್ದ ನಮ್ಮವರ ಬೆರಳಿಗೂ ಆ ಪದವೇ ರೂಢಿಯಾಗಿರುತ್ತದೆ. ನಾನು ಸಹ ಒಮ್ಮೆ ಪರಿಚಯದವರೊಬ್ಬರ ನವಲಗುಂದ ಜಮಖಾನೆಗಳ ಪುಟದಲ್ಲಿ ಪ್ರತಿ ಸಾಲಿನಲ್ಲೂ ‘ಜಮಖಾನೆ’ ಎಂದೇ ಬರೆದು, ಹೊರರಾಜ್ಯದವರು ಅದನ್ನು ‘ದರಿ’ ಎಂದು ಹುಡುಕುತ್ತಾರೆಂಬುದನ್ನು ವರ್ಷವಾದ ಮೇಲೆ ಅರಿತೆ. ಮಾರುವವನ ಬಾಯಲ್ಲಿರುವ ಪದಕ್ಕೂ ಕೊಳ್ಳುವವನ ಬೆರಳಿನಲ್ಲಿರುವ ಪದಕ್ಕೂ ನಡುವೆ ಇರುವ ಈ ಅಂತರವನ್ನು ಪತ್ತೆಹಚ್ಚುವುದನ್ನೇ ಕೀವರ್ಡ್ ಸಂಶೋಧನೆ ಎಂದು ನಾನು ತಿಳಿದಿದ್ದೇನೆ. ಸಂಖ್ಯೆಗಳ ಮಾತು ಆಮೇಲಿನದು.

ಹಾಗಾದರೆ ಪದಗಳನ್ನು ಎಲ್ಲಿಂದ ತರಬೇಕು? ನಿಮ್ಮ ತಾಯಿಯವರ ವಾಟ್ಸಾಪ್‌ನಲ್ಲಿ ಎಂಟು ತಿಂಗಳ ಆರ್ಡರ್‌ಗಳಿವೆ. ಅವುಗಳಲ್ಲಿ ಗಿರಾಕಿಗಳು ತಾವಾಗಿಯೇ ಬರೆದ ಪದಗಳನ್ನು, ಕಾಗುಣಿತವನ್ನು ತಿದ್ದದೆ, ಒಂದು ಹಾಳೆಗೆ ಇಳಿಸಿಕೊಳ್ಳಿರಿ. ಬಳಿಕ ಆ ಪದಗಳನ್ನು ಒಂದೊಂದಾಗಿ ಗೂಗಲ್‌ನಲ್ಲಿ ಟೈಪ್ ಮಾಡುತ್ತ, ಪೂರ್ತಿಗೊಳಿಸುವ ಮೊದಲೇ ಕೆಳಗೆ ಇಳಿಬೀಳುವ ಸಲಹೆಗಳನ್ನು ಬರೆದುಕೊಳ್ಳಿರಿ. ಅನಂತರ ಹುಡುಕಾಟವನ್ನು ಪೂರ್ಣಗೊಳಿಸಿ ಬರುವ ಫಲಿತಾಂಶಗಳನ್ನು ಕಣ್ಣಿಟ್ಟು ನೋಡಿರಿ. ಈ ಕೊನೆಯ ಹೆಜ್ಜೆಯನ್ನು ಹೊಸಬರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದುದು ಇನ್ನೊಂದಿಲ್ಲ. ಉದಾಹರಣೆಗೆ ರೊಟ್ಟಿಯನ್ನೇ ತೆಗೆದುಕೊಳ್ಳೋಣ. ‘ಜೋಳದ ರೊಟ್ಟಿ ಮಾಡುವ ವಿಧಾನ’ ಎಂದು ಹುಡುಕಿದವರಿಗೆ ಹಿಟ್ಟು ನಾದುವುದನ್ನು ಕಲಿಯಬೇಕಾಗಿದೆ, ಅಲ್ಲಿ ವಿಡಿಯೋಗಳ ಸಾಲೇ ಬರುತ್ತದೆ. ‘ಜೋಳದ ರೊಟ್ಟಿ ಊಟ ಹತ್ತಿರ’ ಎಂದವರಿಗೆ ಈಗಲೇ ಹಸಿವಾಗಿದೆ, ಅವರಿಗೆ ನಕ್ಷೆಯ ಮೇಲೆ ಖಾನಾವಳಿಗಳು ಬೇಕು. ‘ಖಡಕ್ ರೊಟ್ಟಿ ಆನ್‌ಲೈನ್’ ಎಂದವರು ಮಾತ್ರ ನಿಮ್ಮವರು. ಮೂರರಲ್ಲಿಯೂ ರೊಟ್ಟಿ ಇದೆ, ಆದರೆ ಮೊದಲೆರಡರ ಫಲಿತಾಂಶಗಳ ನಡುವೆ ಮಾರಾಟದ ಪುಟವನ್ನು ತೂರಿಸಲು ಹೆಣಗುವುದು ವ್ಯರ್ಥ ಶ್ರಮ.

ಪ್ಲಾನರ್‌ನ ಅಡ್ಡಗೆರೆಯನ್ನು ಕಂಡು ಎದೆಗುಂದಬೇಡಿರಿ. ಆ ಸಾಧನ ಇರುವುದು ಜಾಹೀರಾತು ಕೊಡುವವರಿಗಾಗಿ; ಹಣ ವೆಚ್ಚ ಮಾಡದ ಖಾತೆಗಳಿಗೆ ಅದು ನಿಖರ ಸಂಖ್ಯೆಯ ಬದಲು ನೀವು ಕಂಡಂತಹ ಅಗಲವಾದ ಅಂದಾಜನ್ನಷ್ಟೇ ತೋರಿಸುತ್ತದೆ, ಹುಡುಕಾಟ ತೀರ ವಿರಳವಾದಾಗ ಏನನ್ನೂ ತೋರಿಸುವುದಿಲ್ಲ. ತಿಂಗಳಿಗೆ ಇಪ್ಪತ್ತು ಆರ್ಡರ್ ಬಂದರೆ ಸಂತೋಷಪಡುವ ಮನೆ ಉದ್ಯಮಕ್ಕೆ ವಿರಳವೇ ಸಾಕು. ಅಲ್ಲಿರುವ ಪೈಪೋಟಿಯ ಕಾಲಮ್ಮು ಸಹ ಆ ಪದಕ್ಕೆ ಜಾಹೀರಾತುದಾರರ ನಡುವೆ ಎಷ್ಟು ಪೈಪೋಟಿ ಇದೆಯೆಂಬುದನ್ನು ಹೇಳುತ್ತದೆ. ಉಚಿತ ಫಲಿತಾಂಶಗಳಲ್ಲಿ ಮೇಲೇರುವುದು ಸುಲಭವೋ ಕಷ್ಟವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು, ಕೂಡಿಸಿದ ಲೆಕ್ಕ ಹೊಂದದಿರುವುದು ನಿಮ್ಮ ತಪ್ಪಲ್ಲ. ತೀರ ಕಡಿಮೆ ಜನ ಹುಡುಕಿದ ಪ್ರಶ್ನೆಗಳನ್ನು ಗೋಪ್ಯತೆಯ ಕಾರಣಕ್ಕೆ ಸರ್ಚ್ ಕನ್ಸೋಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ, ಒಟ್ಟು ಮೊತ್ತದಲ್ಲಿ ಮಾತ್ರ ಸೇರಿಸುತ್ತದೆ.

ಡಬ್ಬಿಕಾಯಿ (ಬ್ಯಾಡಗಿ)

ಇದೇ ಚರ್ಚೆಯಲ್ಲಿ ನನ್ನದೊಂದು ಸಂದೇಹ. ನಮ್ಮದು ಮೆಣಸಿನಕಾಯಿ ವ್ಯಾಪಾರ. ಇಂಗ್ಲಿಷ್‌ನಲ್ಲಿ ನಮ್ಮ ಊರ ಹೆಸರನ್ನೇ ಜನ ಬಿ-ವೈ-ಎ-ಡಿ-ಜಿ-ಐ ಎಂದೂ, ನಡುವೆ ಇನ್ನೊಂದು ಎ ಸೇರಿಸಿಯೂ ಬರೆಯುತ್ತಾರೆ. ಮಹಾರಾಷ್ಟ್ರದವರು ‘ಬೇಡಗಿ ಮಿರ್ಚಿ’ ಎನ್ನುತ್ತಾರೆ. ವೆಬ್‌ಸೈಟ್ ಮಾಡಿಕೊಟ್ಟವರು ಪ್ರತಿ ಕಾಗುಣಿತಕ್ಕೂ ಒಂದೊಂದರಂತೆ ಹನ್ನೊಂದು ಪುಟಗಳನ್ನು ಮಾಡಿದ್ದಾರೆ, ಎಲ್ಲದರಲ್ಲೂ ಒಂದೇ ಬರಹ. ಇವುಗಳನ್ನು ಉಳಿಸಬೇಕೇ?

ಮಾಳಮಡ್ಡಿ (ಧಾರವಾಡ)

ಉಳಿಸಬೇಡಿರಿ. ಹುಡುಕಾಟವನ್ನು ಸೆಳೆಯುವುದಕ್ಕಷ್ಟೇ ಮಾಡಿದ ಒಂದೇ ತೆರನ ಪುಟಗಳನ್ನು ಗೂಗಲ್ ತನ್ನ ನಿಯಮಗಳಲ್ಲಿ ‘ಡೋರ್‌ವೇ’ ಪುಟಗಳೆಂದು ಹೆಸರಿಸಿ ನಿಷೇಧಿಸಿದೆ. ಒಂದು ಪುಟವನ್ನು ಚೆನ್ನಾಗಿ ಬರೆದು, ಉಳಿದವುಗಳನ್ನು ಅದಕ್ಕೆ ಶಾಶ್ವತವಾಗಿ ಮರುನಿರ್ದೇಶಿಸಿರಿ, ಅಂದರೆ ಹಳೆಯ ವಿಳಾಸ ತೆರೆದವರೂ ಈ ಪುಟಕ್ಕೇ ಬರುವಂತೆ ಮಾಡಿರಿ. ಒಂದು ಎ ಹೆಚ್ಚು ಕಡಿಮೆಯಾದರೆ ಗೂಗಲ್ ತಾನೇ ಹೊಂದಿಸಿಕೊಳ್ಳುತ್ತದೆ.

‘ಬೇಡಗಿ ಮಿರ್ಚಿ’ಯ ಮಾತು ಬೇರೆ, ಅದು ಮರಾಠಿ ಮನೆಗಳಲ್ಲಿ ನಿಮ್ಮ ಸರಕಿಗಿರುವ ಹೆಸರೇ ಆಗಿದೆ. ಪುಣೆ, ಕೊಲ್ಹಾಪುರಗಳಿಗೆ ನೀವು ಮಾಲು ಕಳಿಸುವುದಾದರೆ, ಮರಾಠಿ ಬಲ್ಲವರಿಂದ ಬರೆಸಿದ ಪ್ರತ್ಯೇಕ ಪುಟಕ್ಕೆ ನ್ಯಾಯವಿದೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡೂ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ರಾಜ್ಯವಾರು ನಕ್ಷೆ ನೋಡಿರಿ. ಅಲ್ಲಿಯ 0ರಿಂದ 100ರ ಅಂಕ ಹುಡುಕಾಟದ ಎಣಿಕೆಯಲ್ಲ, ಹೋಲಿಕೆಯ ಪ್ರಮಾಣ ಮಾತ್ರ. ಹಾಗೆಯೇ ಡಬ್ಬಿ ಮತ್ತು ಕಡ್ಡಿಗೆ ಬೇರೆ ಬೇರೆ ಪುಟಗಳಿರಲಿ. ಗಿಡ್ಡನೆಯ ದುಂಡು ಕಾಯಿಗೂ ಸುಕ್ಕುಗಟ್ಟಿದ ಉದ್ದನೆಯ ಕಾಯಿಗೂ ವ್ಯತ್ಯಾಸ ತಿಳಿದೇ ಆ ಪದವನ್ನು ಟೈಪ್ ಮಾಡಿದವನು ಕೊಳ್ಳಲೆಂದೇ ಬಂದಿರುತ್ತಾನೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆ ದೊರೆತ ವಿಷಯವನ್ನು ಪುಟದಲ್ಲಿ ಬರೆಯಿರಿ, ಆದರೆ ಶೀರ್ಷಿಕೆಯಲ್ಲಿ ಬಣ್ಣ ಮತ್ತು ಖಾರದ ಮಾತಿರಲಿ. ಅಡುಗೆಮನೆಯಿಂದ ಹುಡುಕುವವರು ಕೇಳುವುದು ಅದನ್ನೇ.

ಬಿಳಿಜೋಳ (ಹುಬ್ಬಳ್ಳಿ)

ಆರು ವಾರಗಳ ಬಳಿಕ ಮರಳಿ ಬರೆಯುತ್ತಿದ್ದೇನೆ. ಶೀರ್ಷಿಕೆಯನ್ನು ‘ಶೇಂಗಾ ಚಟ್ನಿ ಪುಡಿ: ಹುಬ್ಬಳ್ಳಿಯ ಮನೆಯ ಶೇಂಗಾ ಹಿಂಡಿ’ ಎಂದು ಬದಲಿಸಿದೆ. ‘ಹಿಂಡಿಗೆ ಪುಡಿ ಅಂತ ಯಾಕ ಅಂತೀಯೋ’ ಎಂದು ತಾಯಿಯವರು ಎರಡು ದಿನ ಮುನಿಸಿಕೊಂಡಿದ್ದರು. ಈ ಆರು ವಾರಗಳಲ್ಲಿ ಇಂಪ್ರೆಶನ್ 640ಕ್ಕೆ ಇಳಿದಿದೆ, ಕ್ಲಿಕ್ 31 ಆಗಿದೆ, ಅವುಗಳಲ್ಲಿ 7 ಆರ್ಡರ್‌ಗಳಾಗಿವೆ. ದರ ಕೇಳುವ ಸಾಲುಗಳು ಇನ್ನೂ ಪೂರ್ತಿ ಹೋಗಿಲ್ಲ. ವಾಟ್ಸಾಪ್ ಹಾಳೆಯಲ್ಲಿ ಸಿಕ್ಕ ಅಚ್ಚರಿಯೆಂದರೆ ಖಡಕ್ ರೊಟ್ಟಿಯನ್ನು ಪುಣೆಯ ಐವರು ‘ಭಾಕ್ರಿ’ ಎಂದೇ ಬರೆದಿದ್ದರು.

ನಾಗರ ಪಂಚಮಿಯ ಉಂಡಿಗಳಿಗೆ ಒಂದು ಪುಟ ಮಾಡಬೇಕೆಂದಿದ್ದೇನೆ. ಹೋದ ವರ್ಷದ ಪುಟವನ್ನು ಹಬ್ಬದ ಮರುದಿನವೇ ಅಳಿಸಿಬಿಟ್ಟಿದ್ದೆ. ಪ್ರತಿ ವರ್ಷ ಹೊಸ ಪುಟ ಮಾಡಬೇಕೋ, ಒಂದನ್ನೇ ಇಟ್ಟುಕೊಳ್ಳಬೇಕೋ?

ಮಾಳಮಡ್ಡಿ (ಧಾರವಾಡ)

ಒಂದನ್ನೇ ಇಟ್ಟುಕೊಳ್ಳಿರಿ, ಅದರ ವಿಳಾಸದಲ್ಲಿ ಇಸವಿಯನ್ನು ಸೇರಿಸಬೇಡಿರಿ. ಹಬ್ಬ ಮುಗಿದ ಮೇಲೆ ‘ಮುಂದಿನ ಶ್ರಾವಣಕ್ಕೆ ಆರ್ಡರ್ ತೆಗೆದುಕೊಳ್ಳುತ್ತೇವೆ’ ಎಂಬ ಒಂದು ಸಾಲು ಹಾಕಿ ಹಾಗೆಯೇ ಬಿಟ್ಟು, ಹಬ್ಬಕ್ಕೆ ತಿಂಗಳೊಂದಿದೆ ಎನ್ನುವಾಗ ದರ ಮತ್ತು ಚಿತ್ರಗಳನ್ನು ಹೊಸದು ಮಾಡಿರಿ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕವನ್ನು ಇಟ್ಟಿರುತ್ತದೆ. ನೀವು ಅಳಿಸಿದ ಪುಟದ ಪ್ರಶ್ನೆಗಳು ಅದರಲ್ಲಿ ಇನ್ನೂ ಉಳಿದಿರಬಹುದು, ಹೋದ ಶ್ರಾವಣದ ದಿನಾಂಕಗಳನ್ನು ಹಾಕಿ ಇಂದೇ ಹುಡುಕಿ ಇಳಿಸಿಕೊಳ್ಳಿರಿ. ‘ಉಂಡಿ’ ಎಂದವರು ಎಷ್ಟು, ‘ಉಂಡೆ’ ಎಂದವರು ಎಷ್ಟು, ‘ಲಾಡು’ ಎಂದವರು ಎಷ್ಟು ಎಂಬುದು ಅಲ್ಲಿ ಕಂಡರೆ ಇಲ್ಲಿ ತಿಳಿಸಿರಿ, ಶೀರ್ಷಿಕೆಯನ್ನು ಅದನ್ನು ನೋಡಿಯೇ ನಿರ್ಧರಿಸೋಣ. ‘ಭಾಕ್ರಿ’ಯನ್ನು ಈಗಿನ ರೊಟ್ಟಿ ಪುಟದ ಮೊದಲ ಪ್ಯಾರಾದಲ್ಲಿ ಒಂದು ಸಲ ಬರೆದರೆ ಸದ್ಯಕ್ಕೆ ಸಾಕು.